ದೀಪ ದೊಡ್ಡದು ಮಾಡವಾ

ಫರಹೀನಳ ಬಳೆಗಾಡಿ ಎಂದರೆ ಒಂದು ಹಳೆಯ ಓಮ್ನಿ. ಆಳಂದದ ಬೇಕರಿಯವನೊಬ್ಬ ಅದರಲ್ಲಿ ಬ್ರೆಡ್ಡು ಸಾಗಿಸಿ ಸಾಗಿಸಿ ಬೇಸತ್ತು ಮಾರಿದ್ದು. ಬಿಸಿಲೇರಿದರೆ ಇವತ್ತಿಗೂ ಅದರೊಳಗಿಂದ ಟೋಸ್ಟಿನ ವಾಸನೆ ಬರುತ್ತದೆ. ಬಳೆ ನೋಡಲು ಬಂದವರಿಗೆ ಚಹಾ ನೆನಪಾಗುತ್ತದೆ. ಫರಹೀನ ಅದರ ಹಿಂದಿನ ಸೀಟು ಕಿತ್ತು, ಎರಡೂ ಬದಿಗೆ ಹಲಗೆ ಬಡಿಸಿ, ಗಾಜಿನ ಬಳೆಗಳನ್ನು ಬಣ್ಣ ಬಣ್ಣವಾಗಿ ಪೇರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಅವಳ ತಾಯಿ ಖಾಸೀಂಬಿ ಸುಮ್ಮನಿರುತ್ತಿದ್ದಳೇನೋ. ಹುಡುಗಿ ಬಿಡಲಿಲ್ಲ. ಹಲಗೆಗಳ ಮೇಲೆ, ಗಾಡಿಯ ಚಾವಣಿಗೆ, ಉದ್ದಕ್ಕೂ ಎಲ್‌ಇಡಿ ಪಟ್ಟಿ ಅಂಟಿಸಿದಳು.

ಅದಕ್ಕೆ ಕಾರಣವಿತ್ತು. ಹಳ್ಳಿಯಲ್ಲಿ ಬಳೆ ಕೊಳ್ಳುವ ಹೆಂಗಸರು ಹೊಲದಿಂದ ಮನೆ ಸೇರುವುದೇ ಹೊತ್ತು ಮುಳುಗಿದ ಮೇಲೆ. ಖಾಸೀಂಬಿ ಬುಟ್ಟಿ ಹೊತ್ತು ತಿರುಗುವಾಗಲೂ ಒಳ್ಳೆಯ ವ್ಯಾಪಾರ ಆಗುತ್ತಿದ್ದದ್ದು ಮುಚ್ಚಂಜೆಗೇ, ಕೈಯಲ್ಲಿ ಬ್ಯಾಟರಿ ಹಿಡಿದು. ಆ ಮಂಕು ಬೆಳಕಿನಲ್ಲಿ ಕೆಂಪೆಂದು ಇಡಿಸಿಕೊಂಡ ಬಳೆ ಬೆಳಗ್ಗೆ ಎದ್ದು ನೋಡಿದರೆ ಕಂದು. ಮುಂದಿನ ಸಲ ಹೋದಾಗ ಬೈಗಳು ಯಾರಿಗೆ? ಬಳೆಗಾರ್ತಿಗೆ.

ಜೇವರ್ಗಿಯಲ್ಲಿ ಗಾಡಿ ವೈರಿಂಗಿನ ಅಂಗಡಿ ಇಟ್ಟಿರುವ ಮಾಮಾ ಸಲಾವುದ್ದೀನ ಪಟ್ಟಿ ಕೊಟ್ಟ, ಪಾಠವನ್ನೂ ಹೇಳಿದ. "ಇದು ಹನ್ನೆರಡು ವೋಲ್ಟಿಂದು, ಬ್ಯಾಟರಿ ಮ್ಯಾಲ ನಡೀತದ. ಮನಿ ಕರೆಂಟಿಗಿ ಸೀದಾ ಹಚ್ಚಿದಿ ಅಂದ್ರ ಸುಟ್ಟು ಹೋಗ್ತದ. ಕತ್ತರಿ ಗುರ್ತು ಇದ್ದಲ್ಲೇ ಕತ್ತರ್ಸು." ಫರಹೀನ ಗೋಣು ಹಾಕಿ, ಬ್ಲೌಸಿನ ಬಟ್ಟೆಯಂತೆ ಅಳತೆ ಹಿಡಿದು ಎಲ್ಲಿ ಬೇಕೋ ಅಲ್ಲಿ ಕತ್ತರಿಸಿದಳು. ತುದಿಯ ಮೂರು ದೀಪ ಅಲ್ಲೇ ಕಣ್ಣು ಮುಚ್ಚಿದವು. ಎರಡನೆಯ ಸಲ ಗುರುತು ನೋಡಿ ಕತ್ತರಿಸಿದಳು. ದೀಪಕ್ಕೆಂದೇ ಬೇರೆ ಬ್ಯಾಟರಿ ಇಟ್ಟಳು, ಬೆಳಕು ಉರಿದು ಉರಿದು ಗಾಡಿಯೇ ಸ್ಟಾರ್ಟ್ ಆಗದೆ ನಿಂತರೆ ನೂಕುವವರು ಯಾರು? ಸ್ಟೀರಿಂಗಿನ ಪಕ್ಕ ರೇಡಿಯೋಕ್ಕೆ ಇರುವಂಥ ಒಂದು ಗುಂಡಿ. ತಿರುವಿದರೆ ಬೆಳಕು ಏರುತ್ತದೆ, ಇಳಿಯುತ್ತದೆ. ಇಷ್ಟು ಸಾಲದೆಂದು ಮಾಮಾ ತನ್ನ ಖುಷಿಗೆ ಗಾಡಿಯ ನೆತ್ತಿಯ ಸುತ್ತ ಕೆಂಪು, ಹಸಿರು, ನೀಲಿಯಾಗಿ ಓಡುವ ಇನ್ನೊಂದು ಪಟ್ಟಿ ಬಿಗಿದಿದ್ದ. ಅದನ್ನು ಹಚ್ಚಲು ಫರಹೀನಳಿಗೆ ನಾಚಿಕೆ. ಇಲ್ಲಿಯವರೆಗೆ ಒಮ್ಮೆಯೂ ಹಚ್ಚಿರಲಿಲ್ಲ.

ಖಾಸೀಂಬಿಗೆ ಇದು ಯಾವುದೂ ಸೇರಲಿಲ್ಲ. "ಕೈ ಹಿಡದು ಬಳಿ ಇಡಸೋ ಧಂದೆ ನಮ್ಮದು. ಲೈಟ್ ತೋರ್ಸಿ ಮಾರಾಕ ನಾವೇನು ಮೊಬೈಲ್ ಅಂಗಡಿ ಇಟ್ಟೀವೇನು?" ಎಂದು ಮುಖ ಊದಿಸಿದಳು. ಆದರೆ ಅವಳ ಮೊಣಕಾಲು ಅವಳ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಂದೋಲಾ ಊರಿನ ಓಣಿಗಳನ್ನು ಸುತ್ತಿ ಬಂದರೆ ಎರಡು ದಿನ ಹಾಸಿಗೆ. ಬುಟ್ಟಿ ಮಗಳಿಗೆ ಹೊರಿಸಲು ಮನಸ್ಸಿಲ್ಲ, ಗಾಡಿ ಬಿಟ್ಟುಕೊಡಲು ನಂಬಿಕೆಯಿಲ್ಲ. ಕೊನೆಗೆ ಒಂದು ಮಾತು ಕಟ್ಟಿದಳು.

"ಮಣ್ಣೂರ ಗುರುಬಾಯಿ ಅಕ್ಕಾನ ಮೊಮ್ಮಗಳ ಮದವಿ ಅದ. ಆ ಮನಿಗಿ ನಾನೇ ಬಳಿ ಇಡಸಾಕ ಹೋಗೋದು. ನಿನ್ನ ಗಾಡಿ ತಗೊಂಡು ನಡಿ. ಅಕ್ಕಾ ಒಪ್ಪಿದ್ರ ಗಾಡಿ ನಿಂದು, ನಾನು ತಿರಗೋ ಊರುಗೋಳೂ ನಿನ್ನವು. ಮೂಗು ಮುರದ್ರ ಈ ಪಟ್ಟಿ ಎಲ್ಲಾ ಕಿತ್ತು ಮಾಮಾನ ಅಂಗಡಿಗಿ. ನಾನು ಮತ್ತ ಬುಟ್ಟಿ ಹೊರ್ತೇನಿ."

ಫರಹೀನ ಒಪ್ಪಿದಳು. ಬಳೆ ಇಡಿಸುವುದು ಅವಳಿಗೆ ಚಿಕ್ಕಂದಿನಿಂದ ಬರುತ್ತಿತ್ತು, ಓಣಿಯ ಗೆಳತಿಯರ ಕೈಯೆಲ್ಲ ಅವಳದೇ. ಆದರೆ ಅಮ್ಮನ ಗಿರಾಕಿಯೊಬ್ಬಳ ಕೈಯನ್ನೂ ಅಮ್ಮ ಅವಳಿಗೆ ಹಿಡಿಯಲು ಕೊಟ್ಟಿರಲಿಲ್ಲ. ಆ ಕೈಗಳೇ ಅವಳಿಗೆ ಬೇಕಾಗಿದ್ದವು.

ಮದುವೆಗೆ ಎರಡು ದಿನ ಮೊದಲು, ಮಧ್ಯಾಹ್ನ ಹೊರಟರು. ಖಾಸೀಂಬಿ ಹಳೆಯ ಬಿದಿರಿನ ಬುಟ್ಟಿಯನ್ನು ಜೇವರ್ಗಿಯ ಮನೆ ಬಿಟ್ಟಾಗಿನಿಂದಲೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು, ಹೇಗಿದ್ದರೂ ಬೇಕಾಗುತ್ತದೆ ಎಂಬಂತೆ. ಅಫಜಲಪುರ ದಾಟಿದ ಮೇಲೆ ರಸ್ತೆ ಬದಿ ಕಬ್ಬು ಕಡಿಯುವವರ ಗುಡಾರಗಳು ಕಂಡವು. ಹೆಂಗಸರು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು. ತಾಡಪಾಲಿನ ಗುಡಾರದೊಳಗೆ ಹಗಲೇ ಕತ್ತಲು. ಫರಹೀನ ಉಳಿದಿದ್ದ ಒಂದು ತುಂಡು ಪಟ್ಟಿಯನ್ನು ಗಾಡಿಯಿಂದ ವೈರು ಎಳೆದು ಗುಡಾರದ ಗಳಕ್ಕೆ ಕಟ್ಟಿದಳು. ಒಳಗಿದ್ದ ಮುದುಕಿಯೊಬ್ಬಳು, "ಅಯ್ಯ, ನನ್ನ ಮನ್ಯಾಗ ಇಷ್ಟು ಸಾಮಾನು ಅದಾವೇನ" ಎಂದು ನಕ್ಕಳು. ಬಳೆ ಇಡಿಸಿದ್ದು ಮಾತ್ರ ಖಾಸೀಂಬಿಯೇ. ಇಲ್ಲಿ ತಡವಾಗಿ, ಮಣ್ಣೂರು ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ಗುರುಬಾಯಿಯ ಮನೆಯಲ್ಲಿ ಮದುವೆಯ ಗದ್ದಲ ಆಗಲೇ ಸುರುವಾಗಿತ್ತು. ಖಾಸೀಂಬಿ ಹಸಿರು ಬಳೆಗಳನ್ನು ಬುಟ್ಟಿಗೆ ತುಂಬಿಕೊಂಡು, ಮದುಮಗಳು ಶೈಲಶ್ರೀಗೆ ಇಡಿಸಲು ಒಳಗೆ ಹೋದಳು. ಹೋಗುವಾಗ, "ಅಕ್ಕಾ ಕಟ್ಟಿ ಮ್ಯಾಲ ಕುಂತಾಳ. ಹೇಳಿದಂಗ ಕೇಳು" ಎಂದು ಎಚ್ಚರಿಸಿದಳು. ಆ ಒಂದು ಮಾತನ್ನು ಫರಹೀನ ಅಕ್ಷರಶಃ ಪಾಲಿಸಿದಳು. ಕೆಟ್ಟದ್ದು ಅಲ್ಲೇ.

ಗುರುಬಾಯಿ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ಹಿಂದಿನ ತಿಂಗಳಷ್ಟೇ ಮನೆಯವರು ಕಣ್ಣಿನ ಪೊರೆ ತೆಗೆಸಿದ್ದರು, ಅಂದಿನಿಂದ ಆ ಕನ್ನಡಕ ಇಳಿಸಿರಲಿಲ್ಲ. ಫರಹೀನ ಗಾಡಿಯ ಹಿಂಬಾಗಿಲನ್ನು ಸರಿಯಾಗಿ ಅವಳ ಎದುರಿಗೇ ಬರುವಂತೆ ನಿಲ್ಲಿಸಿ, ಬಾಗಿಲೆತ್ತಿ, ಗುಂಡಿ ತಿರುವಿದಳು. ಬಳೆಗಳೆಲ್ಲ ಒಮ್ಮೆಲೇ ಮಿನುಗಿದವು. ಹುಡುಗಿಯ ಎದೆ ಉಬ್ಬಿತು.

ಮುದುಕಿ ಮುಖದ ಮುಂದೆ ಕೈ ಅಡ್ಡ ಹಿಡಿದಳು. "ಯವ್ವಾ, ದೀಪ ಒಂದೀಟು ದೊಡ್ಡದು ಮಾಡವಾ."

ಫರಹೀನಳಿಗೆ ಸಂತೋಷ ತಡೆಯಲಾಗಲಿಲ್ಲ. ಅಮ್ಮ ಹೆದರಿಸಿದ್ದೆಲ್ಲ ಸುಳ್ಳು, ಅಜ್ಜಿಗೆ ಇನ್ನೂ ಬೆಳಕು ಬೇಕಂತೆ. "ಹೂಂ ರೀ ಆಯೀ" ಎಂದು ಓಡಿಹೋಗಿ ಗುಂಡಿಯನ್ನು ಇನ್ನಷ್ಟು ತಿರುವಿದಳು.

ಗುರುಬಾಯಿ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಳು. "ದೊಡ್ಡದು ಮಾಡು ಅಂದ್ನಲ್ಲವಾ."

"ಮಾಡಾಕತ್ತೇನ್ರಿ ಆಯೀ." ಗುಂಡಿ ಕೊನೆ ಮುಟ್ಟಿತು. ಪಕ್ಕದ ಮನೆಯ ಗೋಡೆಯ ಮೇಲೆ ಯಾರೋ ಎಂದೋ ಬರೆದಿದ್ದ ರಸಗೊಬ್ಬರದ ಜಾಹೀರಾತನ್ನು ಈಗ ಇಲ್ಲಿಂದಲೇ ಓದಬಹುದಿತ್ತು.

"ಹುಡುಗಿ, ನಿನಗ ಕಿವಿ ಕೇಳಂಗಿಲ್ಲೇನು? ಪೂರಾ ದೊಡ್ಡದು ಮಾಡು ಅಂತೀನಿ ನಾನು."

ಪೂರಾ ಎಂದರೆ ಪೂರಾ. ಇನ್ನು ಉಳಿದದ್ದು ನೆತ್ತಿಯ ಪಟ್ಟಿಯೊಂದೇ. ಗಿರಾಕಿ ಕೇಳಿದ ಮೇಲೆ ನಾಚಿಕೆ ಎಂಥದ್ದು? ಫರಹೀನ ಕಣ್ಣು ಮುಚ್ಚಿ ಮಾಮಾನ ಸ್ವಿಚ್ಚು ಒತ್ತಿಬಿಟ್ಟಳು. ಕೆಂಪು, ಹಸಿರು, ನೀಲಿ ಗಾಡಿಯ ಸುತ್ತ ಓಡತೊಡಗಿದವು. ಕೊಟ್ಟಿಗೆಯಲ್ಲಿ ಕರು ಕೂಗಿತು. ಪಕ್ಕದ ಮನೆಯ ಕೋಳಿಗಳು ಬೆಳಗಾಯಿತೆಂದು ಹೊರಗೆ ಬಂದು, ಅನುಮಾನದಿಂದ ಅತ್ತಿತ್ತ ನೋಡಿದವು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಢಾಬಾ ಎಂದುಕೊಂಡು ಬ್ರೇಕು ಹಾಕಿ, ಊಟಕ್ಕೆ ಏನೇನದ ಎಂದು ವಿಚಾರಿಸಿದ. ಮನೆಯ ಯಜಮಾನ ಶಾಂತಲಿಂಗಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಳ್ಳುತ್ತ ಹೊರಬಂದು ಕಟ್ಟೆಯ ಮೇಲಿದ್ದ ಹೆಂಡತಿಯನ್ನು ಕೇಳಿದ, "ಮದವಿ ನಾಡಿದ್ದ ಅಲ್ಲೇನ ಬೇ? ಇವತ್ತೇ ಬಂದ್ರೇನು ಬೀಗರು?"

"ಬೀಗರಲ್ಲ, ಬೆಂಕಿ ಬಂದದ" ಎಂದಳು ಗುರುಬಾಯಿ, ಸೆರಗಿನೊಳಗಿಂದ. "ನಾನು ದೊಡ್ಡದು ಮಾಡು ಅಂದಷ್ಟೂ ಈ ಹುಡುಗಿ ಹೆಚ್ಚ ಹಚ್ಚಾಕತ್ತಾಳ. ಖಾಸೀಂಬೀ, ಎಲ್ಲಿದ್ದೀ ಬಾ ಬೇ ಹೊರಗ."

ಖಾಸೀಂಬಿ ಬಂದಳು. ಉರಿಯುತ್ತಿರುವ ಗಾಡಿಯನ್ನು ನೋಡಿದಳು, ಸೆರಗು ಹೊದ್ದ ಗುರುಬಾಯಿಯನ್ನು ನೋಡಿದಳು, ಕೈ ಕಟ್ಟಿ ನಿಂತ ಮಗಳನ್ನು ನೋಡಿದಳು. ಆಮೇಲೆ ಕಟ್ಟೆಯ ಅಂಚಿಗೆ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಫರಹೀನಳಿಗೆ ಅಮ್ಮ ಹೀಗೆ ನಕ್ಕದ್ದು ನೆನಪೇ ಇರಲಿಲ್ಲ.

"ದೊಡ್ಡದು ಮಾಡು ಅಂದ್ರ ಆರ್ಸು ಅಂತ, ಹುಚ್ಚಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಹೊತ್ತು ಮುಳುಗಿದ ಮ್ಯಾಲ ಆರ್ಸು ಅನ್ನೋ ಮಾತು ಯಾರರ ಬಾಯಾಗ ತರ್ತಾರೇನು? ನನ್ನ ಅಮ್ಮಿನೂ ಚಿರಾಗ್ ಬಢಾ, ದೀಪ ದೊಡ್ಡದು ಮಾಡು, ಅಂತಿದ್ಲು. ಬಳಿ ಒಡದ್ರ ನಾವೇನಂತೀವಿ?"

"ಹೆಚ್ಚಿದ್ವು ಅಂತೀವಿ," ಎಂದಳು ಫರಹೀನ ಸಣ್ಣ ದನಿಯಲ್ಲಿ.

"ಮತ್ತ? ದೀಪಾನೂ ಹಂಗ."

ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡಿದ್ದಳು. ಜೇವರ್ಗಿಯ ಮನೆಯಲ್ಲಿ ಇದ್ದದ್ದು ಟ್ಯೂಬ್‌ಲೈಟು, ಅದನ್ನು ಬಂದ್ ಮಾಡು ಎನ್ನುತ್ತಿದ್ದರು. ಬಳೆಯ ಮಾತು ಬಳೆಯ ಜೊತೆಗೆ ಬಂದಿತ್ತು. ದೀಪದ ಮಾತು ಹೇಳಿಕೊಡಲು ದೀಪವೇ ಇರಲಿಲ್ಲ. ಫರಹೀನ ಎಲ್ಲ ಸ್ವಿಚ್ಚು ಒತ್ತಿ ಬೆಳಕು ನಿಲ್ಲಿಸಿದಳು. ಕತ್ತಲಲ್ಲಿ ನಿಂತು ತುಟಿ ಕಚ್ಚಿಕೊಂಡಳು. ಗಾಡಿ ಹೋಯಿತು, ಊರುಗಳೂ ಹೋದವು ಎಂದುಕೊಂಡಾಗ ಅಳು ಬಂದೇಬಿಟ್ಟಿತು.

"ತಪ್ಪಾತ್ರಿ ಆಯೀ. ಕಣ್ಣಿಗಿ ಭಾಳ ತ್ರಾಸಾತೇನ್ರಿ?"

"ಕಣ್ಣು ಹೊಸಾವು, ಇನ್ನಾ ನಾಜೂಕ ಅದಾವ," ಎಂದಳು ಗುರುಬಾಯಿ. ದನಿಯಲ್ಲಿ ಸಿಟ್ಟು ಇಳಿದಿತ್ತು. "ಬೆಳಕು ಬ್ಯಾಡ ಅನ್ನಂಗಿಲ್ಲ ನಾನು. ನನ್ನ ಮಾರಿಗೇ ಯಾಕ ಹಿಡದಿ? ನಾನೇನು ಬಳಿ ಏನು?"

ಆ ಮಾತು ಫರಹೀನಳ ತಲೆಯಲ್ಲಿ ನಿಂತಿತು. ಹೌದಲ್ಲ, ಪಟ್ಟಿ ಚಾವಣಿಯಿಂದ ಹೊರಗೆ ಮುಖ ಮಾಡಿದೆ. ಅದರ ಬೆಳಕು ಬೀಳುವುದು ನೋಡುವವರ ಕಣ್ಣಿಗೆ. ಅವಳು ಗಾಡಿಯೊಳಗೆ ಹತ್ತಿದಳು. ಬಿಸಿಲಿಗೆ ಅಂಟು ಹೇಗೂ ಮೆತ್ತಗಾಗಿತ್ತು. ಪಟ್ಟಿ ಸಲೀಸಾಗಿ ಬಿಚ್ಚಿಕೊಂಡು ಬಂತು. ಅದನ್ನು ಹಲಗೆಯ ತುಟಿಯ ಹಿಂದೆ, ಕೆಳಮುಖವಾಗಿ, ದೀಪ ಕಾಣದೆ ಬೆಳಕು ಮಾತ್ರ ಬಳೆಯ ಮೇಲೆ ಬೀಳುವಂತೆ ಹಿಡಿದು, ಬಳೆ ಕಟ್ಟುವ ದಾರದಿಂದಲೇ ಅಲ್ಲಲ್ಲಿ ಬಿಗಿದಳು. ಗುಂಡಿಯನ್ನು ಕೂದಲೆಳೆಯಷ್ಟು ತಿರುವಿದಳು.

ಈ ಸಲ ಮಿಂಚಲಿಲ್ಲ. ಹಲಗೆಯ ಮೇಲಿನ ಬಳೆಗಳು ತಾವೇ ಒಳಗಿಂದ ಬೆಳಗಿದಂತೆ ಮೆಲ್ಲಗೆ ಕಂಡವು.

ಗುರುಬಾಯಿ ಸೆರಗು ಸರಿಸಿದಳು. ಸ್ವಲ್ಪ ಹೊತ್ತು ನೋಡಿದಳು. ಕಪ್ಪು ಕನ್ನಡಕ ತೆಗೆದು ಗಂಡನ ಕೈಗೆ ಕೊಟ್ಟಳು. ಎದ್ದು, ಕಟ್ಟೆಯಿಂದಿಳಿದು, ಗಾಡಿಯ ಬಾಗಿಲಿಗೆ ಬಂದು ಒಂದು ಹಸಿರು ಬಳೆ ಎತ್ತಿ ಬೆಳಕಿಗೆ ಹಿಡಿದಳು.

"ಖಾಸೀಂಬೀ, ಇದು ಹಸರು ಹೌದಲ್ಲ?"

"ಹೌದಕ್ಕಾ, ಹಸರು."

"ಎಷ್ಟ್ ವರ್ಸ ಆತು ನಾನು ಹಸರು ನೋಡಿ. ಎಲ್ಲಾ ಕರೀವು ಕಾಣತಿದ್ವು. ಹೇಳಿದ್ರ ದವಾಖಾನಿಗಿ ಒಯ್ತಾರ ಅಂತ ಸುಮ್ಮ ಇದ್ದೆ." ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮಗುವಿನಂತೆ ನಕ್ಕಳು. "ಎಳೀ ಜ್ವಾಳದ ಹಸರು ನೋಡ ಇದು." ಆಮೇಲೆ ಕೈ ಮುಂದೆ ಚಾಚಿದಳು. ಖಾಸೀಂಬಿ ರೂಢಿಯಂತೆ ಆ ಕೈ ಹಿಡಿಯಲು ಬಂದಳು. "ನೀ ಕುಂದ್ರು ಬೇ," ಎಂದಳು ಗುರುಬಾಯಿ. "ನಿನ್ನ ಕಡಿಂದ ಭಾಳ ಇಡಿಸ್ಕೊಂಡೀನಿ. ಹಚ್ಚಿದಾಕೀನೇ ಇಡಸ್ಲಿ."

ಫರಹೀನ ಆ ಕೈ ತೆಗೆದುಕೊಂಡಳು. ರೊಟ್ಟಿ ತಟ್ಟಿ ತಟ್ಟಿ ಅಗಲವಾದ ಅಂಗೈ, ಗಂಟು ಗಂಟಾದ ಬೆರಳು. ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಮಾತಾಡಿಸುತ್ತ ಮಾತಾಡಿಸುತ್ತ, ಮುದುಕಿಗೆ ಗೊತ್ತಾಗುವ ಮೊದಲೇ ಮೊದಲ ಬಳೆ ದಾಟಿಸಿದಳು. ಎರಡನೆಯದು, ಮೂರನೆಯದು. ಎರಡೂ ಕೈ ತುಂಬುವವರೆಗೆ ಒಂದು ಬಳೆಯೂ ಹೆಚ್ಚಲಿಲ್ಲ. ಖಾಸೀಂಬಿ ಕಟ್ಟೆಯ ಮೇಲೆ ಕುಳಿತು, ಮಗಳ ಬೆರಳುಗಳಿಂದ ಕಣ್ಣು ಕೀಳದೆ ನೋಡಿದಳು.

ಗುರುಬಾಯಿ ಕೈ ಅಲ್ಲಾಡಿಸಿ ಬಳೆ ಗಲಗಲ ಅನ್ನಿಸಿದಳು. ಶಾಂತಲಿಂಗಪ್ಪ, "ಮದುಮಗಳು ಒಳಗ ಅದಾಳೋ ಹೊರಗ ಅದಾಳೋ" ಎಂದದ್ದಕ್ಕೆ ಅದೇ ಕೈಯಿಂದ ಅವನನ್ನು ಹೊಡೆಯಲು ಹೋದಳು.

ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಯಾರನ್ನೂ ಕರೆಯಬೇಕಾಗಿರಲಿಲ್ಲ; ಮಾಮಾನ ಬಣ್ಣದ ಪಟ್ಟಿ ಮಣ್ಣೂರಿಗೆಲ್ಲ ಡಂಗುರ ಸಾರಿಯಾಗಿತ್ತು. ತಾಯಿ ಮಗಳು ಇಬ್ಬರೂ ಕುಳಿತು ಬಳೆ ಇಡಿಸಿದರು. ಶೈಲಶ್ರೀಯೂ ಕೈತುಂಬ ಹಸಿರು ಬಳೆಯೊಂದಿಗೆ ಹೊರಬಂದು ಅಜ್ಜಿಯ ಕೈಗೆ ಕೈ ಹಚ್ಚಿ ನೋಡಿದಳು. ನಡುವೆ ಗುರುಬಾಯಿ, "ನಮ್ಮ ಅಡಗಿಮನ್ಯಾಗ ಒಲಿ ಮ್ಯಾಲ ಇಂಥಾದೊಂದು ಪಟ್ಟಿ ಹಚ್ಚಿ ಕೊಡವಾ, ರೊಟ್ಟಿ ಹೊತ್ತಿದ್ದು ಕಾಣವಲ್ದು" ಎಂದಳು. ಮನೆ ಕರೆಂಟಿಗೆ ನಡುವೆ ಕರೆಂಟು ಇಳಿಸುವ ಒಂದು ಸಣ್ಣ ಡಬ್ಬಿ ಹಾಕಬೇಕಾಗುತ್ತದೆ, ಮುಂದಿನ ವಾರ ತರುತ್ತೇನೆ ಎಂದು ಫರಹೀನ ಹೇಳಿದಳು. ಮುಂದಿನ ವಾರ ಎಂದದ್ದು ಅಮ್ಮನಿಗೂ ಕೇಳಿಸಿತು. ಅಮ್ಮ ಬೇಡ ಎನ್ನಲಿಲ್ಲ.

ಕೊನೆಯ ಗಿರಾಕಿ ಹೋದ ಮೇಲೆ ಖಾಸೀಂಬಿ ಮುಂದಿನ ಸೀಟಿಗೆ ಬಂದು ಕುಳಿತು ಮೊಣಕಾಲು ನೀವಿಕೊಂಡಳು. ತೊಡೆ ಖಾಲಿಯಿತ್ತು.

"ಅಮ್ಮೀ, ಬುಟ್ಟಿ ಒಳಗೇ ಬಿಟ್ಟು ಬಂದಿ. ತರ್ತೇನಿ ತಡಿ."

"ಬಿಡು. ಅಕ್ಕಾಗ ಕೊಟ್ಟೆ. ಮದವಿ ಮನ್ಯಾಗ ರೊಟ್ಟಿ ಇಡಾಕ ಬೇಕಾಗ್ತದ."

ಫರಹೀನ ಹಿಂಬಾಗಿಲು ಇಳಿಸಿ ಬಂದು ಸ್ಟೀರಿಂಗಿನ ಮುಂದೆ ಕುಳಿತಳು. ಖಾಸೀಂಬಿ ಕಿಟಕಿಯ ಕಡೆ ಮುಖ ತಿರುಗಿಸಿ ಹೇಳಿದಳು, "ಸಾಕು ಬೇಟಾ. ಈಗ ದುಕಾನ್ ಬಢಾ."

ಫರಹೀನಳ ಕೈ ಗುಂಡಿಯ ಮೇಲೆ ನಿಂತಿತು. ಒಂದು ಸಂಜೆಗೆ ಒಂದು ತಪ್ಪು ಸಾಕು. "ಅಂಗಡಿ ಬಂದ್ ಮಾಡ್ಲೋ, ದೊಡ್ಡದು ಮಾಡ್ಲೋ? ಮೊದಲ ಹೇಳಿಬಿಡು."

"ಎರಡೂ ಮಾಡು," ಎಂದಳು ಖಾಸೀಂಬಿ. "ಇವತ್ತ ಬಂದ್ ಮಾಡು. ನಾಳಿಂದ ದೊಡ್ಡದು ಮಾಡು."

ಫರಹೀನ ನಗುತ್ತ ಗುಂಡಿ ತಿರುವಿ ದೀಪ ದೊಡ್ಡದು ಮಾಡಿದಳು. ಬಳೆಗಾಡಿಯೊಳಗೆ ಕತ್ತಲಾಯಿತು.