ಏಳು ಕುಂಬಳ ಬೀಜ

ಹುರಿದ ಕುಂಬಳ ಬೀಜದ ವಾಸನೆ ಬೇಲಿಯ ಹತ್ತಿರವೇ ಮೂಗಿಗೆ ಬಡಿಯಿತು. ಒತಿಲಿಯಾ ಹೂವಿನ ಕಟ್ಟನ್ನು ತಮ್ಮನ ಕೈಗೆ ತುರುಕಿ ಅಡುಗೆಮನೆಗೆ ಓಡಿದಳು. ಒಲೆಯ ಮೇಲಿನ ತೊಲೆಯಲ್ಲಿ ಬರೀ ಹಗ್ಗ ನೇತಾಡುತ್ತಿತ್ತು. ಅಮ್ಮನ ಸೋರೆಬುರುಡೆ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು.

"ಚಿಕ್ಕಮ್ಮಾ, ಇದರಲ್ಲಿದ್ದದ್ದು ಎಲ್ಲಿ?"

ಎಫ್ರಾಸಿಯಾ ಚಿಕ್ಕಮ್ಮ ಅರೆಯುವ ಕಲ್ಲಿನಿಂದ ತಲೆ ಎತ್ತಲಿಲ್ಲ. "ಸಾರಿಗೆ ಹಾಕಿದೆ ಕಣೇ. ಎಂಬತ್ತು ಜನ ಬಂದವ್ರೆ. ಮಣ್ಣಿಗೆ ಬಂದೋರನ್ನ ಬೀಜದ ಸಾರಿಲ್ಲದೆ ಕಳಿಸೋಕಾಗ್ತದಾ? ಹೊಗೆಗೆ ಕಟ್ಟಿದ್ದಕ್ಕೆ ಒಂದು ಹುಳ ಬಿದ್ದಿಲ್ಲ ನೋಡು."

"ಅದು ಬಿತ್ತನೆ ಬೀಜ!"

"ನಂಗೇನು ಗೊತ್ತು? ಬದುಕಿದ್ದಾಗ ಆ ಬುರುಡೆ ಯಾರಿಗಾದ್ರೂ ಮುಟ್ಟೋಕೆ ಬಿಟ್ಟಿದ್ಲಾ ನಿಮ್ಮಮ್ಮ?"

"ಒಂದಾದ್ರೂ ಉಳಿದಿದ್ಯಾ?"

"ಎಲ್ಲಾ ನುಣ್ಣಗೆ ಅರೆದಾಯ್ತು."

ಹಿಂದೆ ಬಂದು ನಿಂತಿದ್ದ ಮಕಾರಿಯೊ, "ಹೋಗ್ಲಿ ಬಿಡಕ್ಕ. ಓಹಾಕಾ ಪೇಟೇಲಿ ಪ್ಯಾಕೆಟ್ ಸಿಗ್ತದೆ," ಎಂದ.

"ನೀನು ಬಾಯಿ ಮುಚ್ಚು."

*

ತಾಯಿ ಕ್ರೆಸೆನ್ಸಿಯಾ ಐವತ್ತು ವರ್ಷ ಬಿತ್ತಿದ್ದು ಒಂದೇ ರೀತಿ. ಕೋಲಿನಲ್ಲಿ ಗುಳಿ ತೋಡಿ ನಾಲ್ಕು ಮೆಕ್ಕೆಜೋಳ, ಎರಡು ಬೀನ್ಸ್. ನಾಲ್ಕು ಹೆಜ್ಜೆಗೊಮ್ಮೆ ಒಂದು ಕುಂಬಳ. ಬೀನ್ಸ್ ಜೋಳದ ದಂಟು ಹತ್ತುತ್ತಿತ್ತು, ಕುಂಬಳದ ಎಲೆ ನೆಲ ಮುಚ್ಚುತ್ತಿತ್ತು. ಆ ಬೆಟ್ಟದ ಇಳಿಜಾರಿನಲ್ಲಿ ಹೊಲವಿದ್ದ ಉಳಿದವರೆಲ್ಲ ಕಳೆ ಔಷಧಿಗೆ ತಿರುಗಿ, ಬರೀ ಜೋಳ ಬೆಳೆದುಕೊಂಡು ಅವಳ ಹತ್ತಿರ ಕುಂಬಳ ಕೇಳಲು ಬರುತ್ತಿದ್ದರು. ಹೋಳು ಕೊಡುತ್ತಿದ್ದಳು, ಉಗುರಿನಿಂದ ಕೆರೆದು ಬೀಜವನ್ನೆಲ್ಲ ತೆಗೆದಿಟ್ಟುಕೊಂಡ ಮೇಲೆ.

ಗಂಡನ ಊರಿನ ಹೊಲಕ್ಕೆ ಒಂದು ಹಿಡಿ ಕೇಳಿದ ಮಗಳಿಗೂ ಸಿಕ್ಕಲಿಲ್ಲ. "ನಿನ್ನ ಗಂಡ ಔಷಧಿ ಹೊಡೆದು ಸಾಯಿಸ್ತಾನೆ. ನಾನು ಸತ್ತ ಮೇಲೆ ತಗೋ."

ಹೊಡೆದದ್ದು ಅಳಿಯನಲ್ಲ, ಮಗ ಮಕಾರಿಯೊ. ಹೋದ ವರ್ಷ ತಾಯಿ ಜ್ವರ ಬಂದು ಮಲಗಿದ್ದಾಗ. ಜೋಳ ಉಳಿಯಿತು, ಬೀನ್ಸ್, ಕುಂಬಳ ಎಲ್ಲ ವಾರದೊಳಗೆ ಸುರುಟಿ ಹೋದವು. "ಆ ಬಳ್ಳಿ ಮಧ್ಯೆ ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು ನಂದು. ಒಬ್ಬರಾದ್ರೂ ಬಂದು ಕಳೆ ಕಿತ್ತಿದ್ರಾ?" ಎಂದು ಅಕ್ಕನ ಮೇಲೇ ರೇಗಿದ್ದ. ತಾಯಿ ಅದಕ್ಕೂ ಹಿಂದಿನ ವರ್ಷದ ಬೀಜವಿದ್ದ ಬುರುಡೆಯನ್ನು ಇನ್ನೊಂದು ಗೇಣು ಮೇಲಕ್ಕೆ ಕಟ್ಟಿದಳು.

*

"ಇಂಥ ಸಾರು ತಿಂದು ಎಷ್ಟು ವರ್ಷ ಆಗಿತ್ತು!" ಎನ್ನುತ್ತ ಬಂದವರು ಬಟ್ಟಲನ್ನು ರೊಟ್ಟಿಯಿಂದ ಒರೆಸಿ ತಿಂದರು. ಮಕಾರಿಯೊ ಎರಡು ಸಲ ಹಾಕಿಸಿಕೊಂಡ. ಒತಿಲಿಯಾ ಬೈಗುಳ ನುಂಗಿಕೊಂಡು ಬಡಿಸಿದಳು.

ಸ್ಮಶಾನದಲ್ಲಿ ಕೊನೆಯ ಬಾರಿಗೆ ಪೆಟ್ಟಿಗೆಯ ಮುಚ್ಚಳ ತೆಗೆದರು. ಅಮ್ಮನ ಮುಷ್ಟಿಯಲ್ಲಿ ಪುಟ್ಟ ಬಟ್ಟೆ ಗಂಟು. ಸತ್ತವರು ಅಲ್ಲೂ ಬಿತ್ತಬೇಕಲ್ಲ ಎಂದು ಬೆಳಿಗ್ಗೆ ಒತಿಲಿಯಾಳೇ ಕಟ್ಟಿ ಇಟ್ಟದ್ದು: ಏಳು ಜೋಳ, ಏಳು ಬೀನ್ಸ್, ಅದೇ ಬುರುಡೆಯ ಏಳು ಕುಂಬಳ ಬೀಜ.

ಮೊಳೆ ಹೊಡೆಯುವವನು ಸುತ್ತಿಗೆ ಎತ್ತಿಕೊಂಡ.

"ತಡಿ," ಎಂದು ಅವಳು ಮೊಣಕಾಲೂರಿ ಕೂತಳು.

"ಏನೇ ಮಾಡ್ತಿದ್ದೀಯ?" ಚಿಕ್ಕಮ್ಮ ಕೂಗಿದಳು. "ಸತ್ತೋರ ಕೈಯಿಂದ ಕಿತ್ಕೊಳ್ತಾರಾ ಯಾರಾದ್ರೂ?"

"ಸತ್ತ ಮೇಲೆ ತಗೋ ಅಂತ ಅವಳೇ ಹೇಳಿದ್ಲು."

ಅಮ್ಮನ ಬೆರಳುಗಳು ಸೆಟೆದುಕೊಂಡಿದ್ದವು. ಒಂದೊಂದಾಗಿ ಬಿಡಿಸಬೇಕಾಯಿತು. "ಈಗಲೂ ಬಿಡಲ್ವಲ್ಲ ನೀನು," ಎಂದು ಹಲ್ಲು ಕಚ್ಚಿಕೊಂಡೇ ಗೊಣಗಿದಳು. ಗಂಟು ಬಿಚ್ಚಿ ಕುಂಬಳ ಬೀಜ ಆರಿಸಿಕೊಂಡಳು. ಸ್ವಲ್ಪ ಹೊತ್ತು ಅಂಗೈಯನ್ನೇ ನೋಡಿ, ಒಂದನ್ನು ವಾಪಸು ಹಾಕಿದಳು. ಗಂಟು ಕಟ್ಟಿ ಅದೇ ಕೈಯೊಳಗೆ ಇಟ್ಟಳು.

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೇ ಬಂದು ಬೊಗಸೆ ತುಂಬ ಮಣ್ಣು ಹಾಕಿದರು. ಒತಿಲಿಯಾಳ ಸರದಿ ಬಂದಾಗ ಮಕಾರಿಯೊ ಪಕ್ಕಕ್ಕೆ ಬಂದು ಅಂಗೈ ಚಾಚಿದ.

"ಕೊಡಕ್ಕ, ನನ್ನ ಜೇಬಲ್ಲಿ ಇಟ್ಕೊಂಡಿರ್ತೀನಿ. ಎರಡೂ ಕೈಲಿ ಹಾಕ್ಬೇಕು ನೀನು."

ಅವಳು ಬಗ್ಗಿ ಎಡಗೈಯಲ್ಲಿ ಒಂದು ಹಿಡಿ ಮಣ್ಣು ಎತ್ತಿ ಹಾಕಿದಳು. ಮತ್ತೆ ಬಗ್ಗಿದಳು, ಮತ್ತೆ ಎಡಗೈಯಲ್ಲೇ. ಬಲಗೈ ಎದೆಯ ಹತ್ತಿರ ಮುಷ್ಟಿಯಾಗಿಯೇ ಇತ್ತು.