ಎದೋಮಿನ ದಿಣ್ಣೆ

ಬಾಬೆಲ್ ರಾಜ್ಯವನ್ನು ಬೀಳಿಸುವುದರಲ್ಲಿ ಮಹೇಂದ್ರನನ್ನು ಮೀರಿಸುವವರು ನಂಜನಗೂಡಿನ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಯಾರೂ ಇರಲಿಲ್ಲ. ಸಭಾಪಾಲಕರಾದ ಅಯ್ಯನವರು ತಿಂಗಳಿಗೆ ಎರಡು ಭಾನುವಾರ ಟಿ. ನರಸೀಪುರದ ಸಭೆಗೆ ಹೋಗುತ್ತಿದ್ದರು. ಆ ಎರಡು ದಿನ ಪ್ರಸಂಗ ಇವನದು. ವಾರವೆಲ್ಲ ಫ್ಯಾಕ್ಟರಿಯಲ್ಲಿ ಆಪರೇಟರ್, ಭಾನುವಾರ ಬಂತೆಂದರೆ ಫರೋಹ, ನೆಬೂಕದ್ನೆಚ್ಚರರ ಕಿವಿ ಹಿಂಡುವವನು. ಸತ್ತು ಸಾವಿರಾರು ವರ್ಷವಾದ ರಾಜರನ್ನು ಬೈಯಲು ಎಷ್ಟು ಧೈರ್ಯ ಬೇಕು ಹೇಳಿ!

ಗರ್ವದಿಂದ ಹಾಳಾದ ರಾಜ್ಯಗಳ ಸರಣಿ ನಡೆಯುತ್ತಿತ್ತು. ದೊಡ್ಡವೆಲ್ಲ ಮುಗಿದು ಎದೋಮ್ ಒಂದು ಉಳಿದಿತ್ತು. "ಸಣ್ಣ ದೇಶ, ನೀವೇ ಮುಗಿಸಿಬಿಡಿ" ಎಂದರು ಅಯ್ಯನವರು.

ಶನಿವಾರ ಸಂಜೆ ಮಹೇಂದ್ರ ಬೈಬಲ್ ಓದಲು ಕೂತ. ಎದೋಮಿನವರು ಇಸ್ರಾಯೇಲಿನ ಅಣ್ಣನ ವಂಶದವರು, ಬಂಡೆಗಳ ಎತ್ತರದಲ್ಲಿ ಮನೆ ಮಾಡಿಕೊಂಡವರು. ನಮ್ಮನ್ನು ಇಲ್ಲಿಂದ ಇಳಿಸುವವರು ಯಾರು ಎಂಬ ಸೊಕ್ಕು. ದೇವರು ಅವರ ಮೇಲೆ ಹೊರಿಸಿದ ತಪ್ಪುಗಳಲ್ಲಿ ಒಂದು ಇದು: ತಮ್ಮನ ಊರು ಹಾಳಾಗುವ ದಿನ ಅಣ್ಣನಾದವನು ದೂರ ನಿಂತು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಮಹೇಂದ್ರನ ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು.

ಮೂರು ವಾರದ ಹಿಂದೆ ಕಪಿಲೆ ಉಕ್ಕಿದ್ದಳು. ತಮ್ಮ ಮಾದೇಶನ ಮನೆ ಹೊಳೆದಂಡೆಯ ಬೀದಿಯಲ್ಲಿ, ಮಹೇಂದ್ರನ ಹೊಸ ಮನೆ ಅದೇ ಬೀದಿಯ ಮೇಲಿನ ದಿಣ್ಣೆಯಲ್ಲಿ. ಕತ್ತಲಾಗುವ ಮುಂಚೆ ಮಾದೇಶ ನಾಲ್ಕು ಆಡು ಹಿಡಿದುಕೊಂಡು ಬಂದು ಗೇಟಿನಲ್ಲಿ ನಿಂತಿದ್ದ.

"ಇವೊತ್ತೊಂದ್ ದಿನ ಕಟ್ಕತೀನಿ ಕಣಣ್ಣ."

"ಒಸಾ ಟೈಲ್ಸು ಕಣೋ. ಗಂಜಿ ಕೇಂದ್ರ ತೆಗ್ದವ್ರಲ್ಲ, ಅಲ್ಲಿಗೋಗು."

ಗಂಜಿ ಕೇಂದ್ರದಲ್ಲಿ ಆಡಿಗೆಲ್ಲಿ ಜಾಗ? ಮಾದೇಶ ಅವನ್ನು ಅರಳಿಕಟ್ಟೆಯ ಮೇಲೆ ಕಟ್ಟಿ, ಹೆಂಡತಿ ಮಗಳೊಡನೆ ಕೇಂದ್ರಕ್ಕೆ ಹೋದ. ನೀರಿಳಿದ ಮೇಲೆ ಕಟ್ಟೆಯಲ್ಲಿ ಹಗ್ಗದ ತುಂಡು ಮಾತ್ರ ಇತ್ತು.

ಅಷ್ಟೇ ಆಗಿದ್ದರೆ ಮಹೇಂದ್ರ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಮಾರನೇ ಬೆಳಿಗ್ಗೆ ಅವನು ತಾರಸಿ ಹತ್ತಿ ನೆರೆಯ ವಿಡಿಯೋ ತೆಗೆದಿದ್ದ. 'ಎತ್ತರದಲ್ಲಿಟ್ಟು ಕಾಪಾಡಿದ ದೇವರಿಗೆ ಸ್ತೋತ್ರ' ಎಂದು ಬರೆದು ಸ್ಟೇಟಸ್ಸಿಗೂ ಹಾಕಿದ್ದ. ನೋಡಿದವರ ಪಟ್ಟಿಯಲ್ಲಿ ಮಾದೇಶನ ಮಗಳು ಕವನಳ ಹೆಸರು ಕಂಡ ಮೇಲೆ ಸ್ಟೇಟಸ್ ತೆಗೆದುಹಾಕಿದ; ವಿಡಿಯೋ ಫೋನಿನಲ್ಲೇ ಉಳಿಯಿತು. ಅಂದಿನಿಂದ ಅನ್ನ ರುಚಿಸಿರಲಿಲ್ಲ.

ಭಾನುವಾರ ವಾಕ್ಯ ಓದುವ ಸರದಿ ಕವನಳದೇ ಆಗಿತ್ತು. ತಮ್ಮನ ಆಪತ್ತಿನ ದಿನವನ್ನು ನೋಡುತ್ತ ನಿಂತ ಅಣ್ಣನ ಮಾತು ಬಂದಾಗ ಅವಳು ತಲೆ ಎತ್ತಲಿಲ್ಲ. ನಿಧಾನವಾಗಿ ಓದಿ ಮುಗಿಸಿ, ಹೋಗಿ ಅಪ್ಪನ ಪಕ್ಕ ಕೂತಳು.

ಮಹೇಂದ್ರ ಎದ್ದು ನಿಂತ. ಬರೆದು ತಂದಿದ್ದ ಚೀಟಿ ಮಡಿಸಿದ. "ಎದೋಮು ದೂರದ ದೇಶವಲ್ಲ," ಎಂದ. "ನನ್ನ ಮನೆಯೇ. ತಮ್ಮ ಬಂದು ಆಡು ಕಟ್ಟಲು ಜಾಗ ಕೇಳಿದ, ನಾನು ಟೈಲ್ಸ್ ನೋಡಿಕೊಂಡೆ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಾಪೆಯ ಮೇಲಿಂದ ಮಾದೇಶ ಎದ್ದ.

"ಬುಡಣ್ಣ. ರಾತ್ರೀಲೇ ಕೊಚ್ಕೊಂಡೋಗಿರ್ತವೆ, ಬೆಳ್ಗಂಟ ಎಲ್ಲಿದ್ದಾವು? ಯಾರೇನ್ ಮಾಡಕಾಯ್ತಿತ್ತು?"

ಅಲ್ಲೇ ಮಹೇಂದ್ರ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಕೈ ಕುಲುಕಿದರು. ಎಂಥ ದೀನಮನಸ್ಸು ಎಂದರು. ನಾಚಿಕೆಗೇಡಿನ ಸಂಗತಿ ಏನೆಂದರೆ, ಆ ಹೊಗಳಿಕೆ ಅವನಿಗೆ ಹಿತವಾಗಿಯೇ ಇತ್ತು.

ಬಾಗಿಲಲ್ಲಿ ಕವನ ಕಾಯುತ್ತಿದ್ದಳು. "ಅಪ್ಪನಿಗೆ ನಾನು ಹೇಳಿಲ್ಲ ದೊಡ್ಡಪ್ಪ. ನೀವು ಇವತ್ತು ಹೇಳ್ತೀರ ಅಂದ್ಕೊಂಡಿದ್ದೆ."

ಮಹೇಂದ್ರ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದ ತಮ್ಮನ ಹತ್ತಿರ ಹೋದ. ಫೋನ್ ತೆಗೆದು, ವಿಡಿಯೋ ಹಚ್ಚಿ, ಕೈಗೆ ಕೊಟ್ಟ.

ಮಾದೇಶ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ. ಕೆಂಪು ನೀರು, ಮುಳುಗಿದ ಬೀದಿ, ಅಣ್ಣನ ಧ್ವನಿಯಲ್ಲಿ ಸ್ತೋತ್ರ. ಮೂಲೆಯಲ್ಲಿ ಅರಳಿಕಟ್ಟೆ.

"ಬೆಳಿಗ್ಗೆ ತೆಗ್ದಿದ್ದಾ ಇದು?"

"ಊಂ."

"ಕಟ್ಟೆತವ ನೀರು ಮೊಣಕಾಲುದ್ದವೂ ಇಲ್ವಲ್ಲ."

ನೀರು ಏರಿದ್ದು ಮಧ್ಯಾಹ್ನದ ಮೇಲೆ. ಅಷ್ಟರೊಳಗೆ ಮಹೇಂದ್ರ ಪ್ಯಾಂಟು ಮಡಿಸಿಕೊಂಡು ಇಳಿದಿದ್ದರೆ ಸಾಕಿತ್ತು, ಹಗ್ಗ ಬಿಚ್ಚಲು ಎರಡು ನಿಮಿಷ. ಹೊಸ ಮನೆಯ ಪ್ರಾರ್ಥನೆಗೆ ಬಾರದ ತಮ್ಮನಿಗೆ ಬುದ್ಧಿ ಬರಲಿ ಎಂದುಕೊಂಡು ಅವನು ಇಳಿದಿರಲಿಲ್ಲ.

ಮಾದೇಶ ಫೋನನ್ನು ಇನ್ನಷ್ಟು ಹತ್ತಿರ ಹಿಡಿದ.

"ನಾಕೂ ನಿಂತವೆ," ಎಂದ. "ಆ ಕರೀದು ನಿನ್ ಕಡೀಕೇ ನೋಡ್ತಾ ಅದೆ ಕಣಣ್ಣ."