ಇಳಿಯದ ಪೆಡಲು

ಆ ಹಳೆಯ ಡೀಸೆಲ್ ವ್ಯಾನಿಗೆ ಮಕ್ಕಳು ಇಟ್ಟ ಹೆಸರು ಗೊರಕೆ. ನಿಂತಲ್ಲೇ ನಿಂತು ಅದು ಮಾಡುವ ಸದ್ದು ಕೇಳಿದರೆ ಯಾರಿಗಾದರೂ ಅದೇ ಹೆಸರು ಹೊಳೆಯುತ್ತಿತ್ತು. ಶಾಲೆಯ ಮಕ್ಕಳನ್ನು ತುಂಬಿಕೊಂಡು ಅದನ್ನು ಓಡಿಸುವವನು ಮೊದಲಿನಿಂದಲೂ ಒಬ್ಬನೇ. ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಭಾವ ಎನ್ನುತ್ತಿದ್ದರು. ಗ್ಯಾರೇಜಿನ ಯಜಮಾನ ಅವನ ಹೆಂಡತಿಯ ತಮ್ಮ. ಯಜಮಾನನಿಗೆ ಭಾವನಾದವನು ಸ್ಪ್ಯಾನರು ಹಿಡಿದವರಿಗೆಲ್ಲ ಭಾವನಾಗಿಬಿಟ್ಟಿದ್ದ.

ಹೆಂಡತಿ ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಭಾವ ಅತ್ತಿರಲಿಲ್ಲ. ಬಂದವರು ಅತ್ತರು, ಮೂಗು ಒರೆಸಿಕೊಂಡು ಟೀ ಕುಡಿದರು, ಹೋಗುವಾಗ ಪಾಪ ಕಲ್ಲಾಗಿಬಿಟ್ಟಿದ್ದಾನೆ ಎಂದು ಬಾಗಿಲಲ್ಲೇ ಪಿಸುಗುಟ್ಟಿದರು. ಭಾವನ ಕಿವಿ ಚೆನ್ನಾಗಿಯೇ ಇತ್ತು, ಕೇಳಿಸಿತು. ಬೇಜಾರಾಗಲಿಲ್ಲ. ಆಗಬೇಕಿತ್ತಲ್ಲ ಎಂದುಕೊಂಡ, ಅಷ್ಟೇ. ಉಂಡರೆ ಉಂಡ ಹಾಗಿರಲಿಲ್ಲ, ಮಲಗಿದರೆ ಮಲಗಿದ ಹಾಗಿರಲಿಲ್ಲ. ಕಾಲಿಗೂ ಸದಾ ಜೋಮು ಹಿಡಿದಂತಿರುತ್ತಿತ್ತು. ಇಡೀ ಮನುಷ್ಯನೇ ಹಾಗಿರುವಾಗ ಕಾಲೊಂದನ್ನು ಬೇರೆಯಾಗಿ ಯಾರು ವಿಚಾರಿಸುತ್ತಾರೆ? ಬೆಳಿಗ್ಗೆ ಮಕ್ಕಳು ಹತ್ತಿ ಗಲಾಟೆ ಎಬ್ಬಿಸಿದಾಗ ಮಾತ್ರ ತಾನಿನ್ನೂ ಇದ್ದೇನೆ ಅನ್ನಿಸುತ್ತಿತ್ತು. ಅದೂ ಹೋದರೆ ಎದ್ದು ಹಲ್ಲುಜ್ಜುವುದಕ್ಕೂ ಕಾರಣವಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಬ್ರೇಕ್ ಒತ್ತಿದರೆ ವ್ಯಾನು ನಿಲ್ಲಲಿಲ್ಲ. ನಿಂತಿತು, ಆದರೆ ನಿಲ್ಲಬೇಕಾದ ಕಡೆ ಅಲ್ಲ. ಗೇಟಿನ ಕಾವಲುಗಾರ ಒಬ್ಬ ಹುಡುಗಿಯ ಬ್ಯಾಗು ಹಿಡಿದು ಹಿಂದಕ್ಕೆ ಎಳೆದುಕೊಂಡ. ಅವಳು ಆಟ ಅಂದುಕೊಂಡು ನಕ್ಕಳು. ಭಾವ ಮಕ್ಕಳನ್ನೆಲ್ಲ ಇಳಿಸಿ, ಮೊದಲನೇ ಗೇರಿನಲ್ಲೇ ತೆವಳಿಸಿಕೊಂಡು ವ್ಯಾನನ್ನು ಗ್ಯಾರೇಜಿಗೆ ತಂದ. ಪೆಡಲು ಕಲ್ಲಾಗಿದೆ, ಎಷ್ಟು ತುಳಿದರೂ ಅಲ್ಲಾಡುವುದಿಲ್ಲ ಎಂದ.

ಭಾವಮೈದುನ ತಲೆ ಕೆಡಿಸಿಕೊಳ್ಳಲಿಲ್ಲ. ಇಂಥ ಡೀಸೆಲ್ ಗಾಡಿಯಲ್ಲಿ ಗಾಳಿ ಎಳೆಯುವ ಒಂದು ಪಂಪು, ಅಲ್ಲಿಂದ ಒಂದು ರಬ್ಬರ್ ಪೈಪು, ಪೈಪಿನ ಕೊನೆಗೆ ಬೂಸ್ಟರ್ ಎಂಬ ತಗಡಿನ ಡಬ್ಬಿ, ಇಷ್ಟೂ ಸೇರಿ ಡ್ರೈವರನ ಕಾಲಿಗೆ ಬಲ ಕೊಡುತ್ತವೆ. ಯಾವುದೊಂದು ಕೈಕೊಟ್ಟರೂ ಪೆಡಲು ಬಿಗಿಯುತ್ತದೆ. ಪರೀಕ್ಷೆಯೂ ಸುಲಭ. ಎಂಜಿನ್ ಆರಿಸಿ, ಪೆಡಲು ಬಿಗಿಯಾಗುವ ತನಕ ತುಳಿದು ತುಳಿದು, ಕಾಲನ್ನು ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು. ಎಲ್ಲ ಸರಿಯಿದ್ದರೆ ಪೆಡಲು ಕಾಲಡಿಯಲ್ಲಿ ಮೆಲ್ಲಗೆ ಕೆಳಗಿಳಿಯುತ್ತದೆ.

ಎಂದಿನಂತೆ ಭಾವ ಸೀಟಿನಲ್ಲಿ ಕೂತ, ಭಾವಮೈದುನ ಬಾನೆಟ್ಟಿನಡಿ ತಲೆ ತೂರಿಸಿದ. ಅವನಿಗೆ ಗಾಡಿ ಓಡಿಸಲು ಕಲಿಸಿದ್ದೇ ಭಾವ. ಮೀಟರು ಬೇಕಾದರೆ ಸುಳ್ಳು ಹೇಳೀತು, ನಮ್ಮ ಭಾವನ ಕಾಲು ಹೇಳುವುದಿಲ್ಲ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುವುದು ಅವನ ಅಭ್ಯಾಸ. ಆ ಕಾಲು ಹೇಳಿದ ಮೇಲೆ ತಾನು ಹತ್ತಿ ತುಳಿದು ನೋಡುವುದು ಅವನ ಮಟ್ಟಿಗೆ ಉದ್ಧಟತನವೇ.

"ಇಳೀತಾ ಭಾವ?" ಎಂದು ಕೂಗಿದ.

"ಇಲ್ಲ."

ಪೈಪಿನ ತುದಿ ಬಿಚ್ಚಿ ಬೆರಳಿಟ್ಟು ನೋಡಿದ. ಸೆಳೆತ ಹೆಸರಿಗಷ್ಟೇ ಇತ್ತು. ಎಣ್ಣೆ ಕುಡಿದು ಮೆತ್ತಗಾಗಿದ್ದ ರಬ್ಬರು, ಗಾಳಿ ಎಳೆದಾಗಲೆಲ್ಲ ಒಳಗೊಳಗೇ ಮುಚ್ಚಿಕೊಳ್ಳುತ್ತಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ಖುಷಿಪಟ್ಟು ಹೊಸ ಪೈಪು ಹಾಕಿದ. ಈಗ ಅದು ಬೆರಳನ್ನು ಕಚ್ಚಿ ಹಿಡಿಯಿತು. ಮತ್ತೆ ಕೂಗಿ ಕೇಳಿದ. ಭಾವ ಮತ್ತೆ ಇಲ್ಲವೆಂದ.

ಭಾವಮೈದುನನ ಮುಖ ಸಣ್ಣದಾಯಿತು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಅದೇ ಮಾದರಿಯ ಇನ್ನೊಂದು ವ್ಯಾನಿನಿಂದ ಬೂಸ್ಟರನ್ನೇ ಬಿಚ್ಚಿ ತಂದು ಕೂರಿಸಿದ. ಊಟ ತಪ್ಪಿತು. ಶಾಲೆ ಬಿಡುವ ಹೊತ್ತು ಹತ್ತಿರವಾಯಿತು. ಆಗಲೂ ಭಾವ ಹೇಳಿದ್ದು ಇಲ್ಲವೆಂದೇ. ಅವನೇನೂ ಹಠ ಹಿಡಿದಿರಲಿಲ್ಲ. ಕಣ್ಣು ಮುಚ್ಚಿ, ಗಮನವನ್ನೆಲ್ಲ ಅಂಗಾಲಿಗೆ ಕೊಟ್ಟು ಕೂತಿದ್ದ. ಅಂಗಾಲಿನಡಿ ಏನೂ ಆಗಲಿಲ್ಲ.

ಪೆಡಲಿನ ರಾಡು ಎಲ್ಲಾದರೂ ಸಿಕ್ಕಿಕೊಂಡಿದೆಯೇನೋ ಎಂದು ಭಾವಮೈದುನ ಕೈ ಒರೆಸಿಕೊಳ್ಳುತ್ತ ಬಾಗಿಲ ಬಳಿ ಬಂದ. ಕುಕ್ಕರಗಾಲಲ್ಲಿ ಕೂತು ಟಾರ್ಚು ಬಿಟ್ಟು, ಇನ್ನೊಂದು ಸಲ ಮಾಡಿ ಎಂದ. ಭಾವ ತುಳಿದ, ಒತ್ತಿ ಹಿಡಿದ, ಕಣ್ಣು ಮುಚ್ಚಿಕೊಂಡು ಸ್ಟಾರ್ಟ್ ಮಾಡಿದ. ಗೊರಕೆ ಶುರುವಾಯಿತು. ಪೆಡಲು ಇಳಿಯಿತು. ಭಾವನ ಬೂಟನ್ನು ಹೊತ್ತುಕೊಂಡೇ ಎರಡು ಬೆರಳಗಲ ನಯವಾಗಿ ಇಳಿದು ನಿಂತಿತು.

"ಇಳೀತಾ ಭಾವ?" ಈ ಸಲ ದನಿ ತುಂಬ ಸಣ್ಣಗಿತ್ತು.

"ಎಷ್ಟು ಸಲ ಹೇಳ್ಲಿ? ಇಲ್ಲ."

ಭಾವ ಕಣ್ಣು ಬಿಟ್ಟ. ಭಾವಮೈದುನ ಪೆಡಲನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದ. ಭಾವ ಬಗ್ಗಿ ನೋಡಿದ. ಅವನ ಕಾಲು ತಾನು ಇಟ್ಟ ಜಾಗದಲ್ಲಿರಲಿಲ್ಲ. ಎಂಜಿನ್ ಆರಿಸಿದ.

ಭಾವಮೈದುನ ಆ ಬೂಟಿನ ಲೇಸು ಬಿಚ್ಚಿದ. ಬೂಟು ಕಳಚುತ್ತಲೇ ಒಳಗಿಂದ ಒಂದು ಪೆನ್ಸಿಲ್ ಚೂರು ಬಿತ್ತು. ಒಂದು ತುದಿಯಲ್ಲಿ ಯಾವುದೋ ಮಗು ಕಚ್ಚಿದ ಗುರುತು, ಇನ್ನೊಂದು ತುದಿ ಚೂಪು. ವ್ಯಾನು ತೊಳೆಯುವಾಗ ಬೂಟು ಬಿಚ್ಚಿ ಸೀಟಿನಡಿ ಇಡುವುದು ಭಾವನ ರೂಢಿ. ಮಕ್ಕಳು ಬೀಳಿಸಿದ್ದೆಲ್ಲ ಅದರೊಳಗೆ ಸೇರುತ್ತಿತ್ತು. ದಿನಾ ಬೆಳಿಗ್ಗೆ ಹೆಂಡತಿ ಬೂಟನ್ನು ಬಾಗಿಲಾಚೆ ಕೊಡವಿ, ಇದರಲ್ಲೇನು ಅಂಗಡಿ ಇಟ್ಟಿದ್ದೀರಾ ಎಂದು ಗದರಿ ಕೊಡುತ್ತಿದ್ದಳು. ಈಗ ಕೊಡವುವವರಿರಲಿಲ್ಲ. ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ಎಳೆದಾಗ ಗಾಯ ಬಾಯಿಬಿಟ್ಟಿತು. ಇವತ್ತಿನ ಗಾಯವಲ್ಲ, ಅಂಚೆಲ್ಲ ಕಪ್ಪಾಗಿತ್ತು.

"ನೋವಾಗ್ತಿಲ್ವಾ ಭಾವ?"

ಇದೇ ಪ್ರಶ್ನೆಯನ್ನು ಎಷ್ಟು ಜನ ಎಷ್ಟು ಥರದಲ್ಲಿ ಕೇಳಿದ್ದರು. ಎಲ್ಲರಿಗೂ ಸುಮ್ಮನೆ ತಲೆಯಾಡಿಸಿ ಕಳಿಸಿದ್ದ. ಈಗ ತನ್ನ ಕಾಲನ್ನೇ ನೋಡುತ್ತ ಕೂತ. ಗೇಟಿನ ಮುಂದೆ ನಕ್ಕ ಹುಡುಗಿ ಕಣ್ಣ ಮುಂದೆ ಬಂದಳು. ಪೈಪು ಕೆಟ್ಟಿದ್ದು ನಿಜ, ಆದರೆ ಕೆಟ್ಟಿದ್ದು ಪೈಪು ಒಂದೇ ಅಲ್ಲ. ಅವನಿಗೆ ಭಯವಾಯಿತು. ಹೆಂಡತಿ ಹೋದ ಮೇಲೆ ಅವನಿಗೆ ಏನಾದರೂ ಆಗಿದ್ದು ಅದೇ ಮೊದಲು.

"ಇಲ್ಲ," ಎಂದ. "ಏನೂ ಗೊತ್ತಾಗ್ತಿಲ್ಲ ಕಣೋ."

ಭಾವಮೈದುನ ಔಷಧಿ ಅಂಗಡಿಯಿಂದ ಹತ್ತಿ ತಂದು ಗಾಯಕ್ಕೆ ಸುತ್ತಿದ. ಕೀ ಕೊಡಿ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಭಾವನೇ ಕೀ ತೆಗೆದು ಅವನ ಎಣ್ಣೆಗೈಯಲ್ಲಿಟ್ಟ. ಮಕ್ಕಳು ಕಾಯುತ್ತಿರುತ್ತಾರೆ, ಅವರನ್ನು ಮನೆಗೆ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋಗೋಣ ಎಂದ.

"ಗೇಟು ಕಾಣಿಸಿದ ಕೂಡ್ಲೇ ನಿಧಾನ ಮಾಡು. ಓಡಿ ಬಂದ್ಬಿಡ್ತಾರೆ, ನೋಡೋದಿಲ್ಲ."

ಎಷ್ಟೋ ವರ್ಷಗಳ ಮೇಲೆ ಭಾವ ಪಕ್ಕದ ಸೀಟಿಗೆ ಜರುಗಿ ಕೂತ. ಬೂಟನ್ನು ಎತ್ತಿಕೊಂಡು, ಬಾಗಿಲಾಚೆ ತಲೆಕೆಳಗಾಗಿ ಹಿಡಿದು ಕೊಡವಿದ. ಏನೂ ಬೀಳಲಿಲ್ಲ. ವ್ಯಾನು ಗ್ಯಾರೇಜು ದಾಟಿ ರಸ್ತೆಗೆ ಇಳಿಯುವ ತನಕ ಕೊಡವುತ್ತಲೇ ಇದ್ದ.